ಹದಿನಾರು ಪೆನ್ನು, ಒಂದು ಮೂಗು

ಗುಡಗೇರಿ ಬಿಟ್ಟಿದ್ದು

ಹಾಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಟ್ಯುಲಿಪ್ ಹೂ ಕಂಡಿರಾ ಎಂದು ಕೇಳುತ್ತಾರೆ. ಕಂಡೆ. ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲಿ, ಬಕೀಟಿನೊಳಗೆ, ರಬ್ಬರ್ ಬ್ಯಾಂಡ್ ಸುತ್ತಿಕೊಂಡು ನಿಂತಿದ್ದವು. ಗಾಳಿಯಂತ್ರವನ್ನೂ ಕಂಡೆ, ನಾಲ್ಕನೆಯ ಮಹಡಿಯ ಕಿಟಕಿಯಿಂದ. ಆದರೆ ಅದು ಬಿಸ್ಕೀಟು ಡಬ್ಬಿಯ ಮೇಲಿನ ಚಿತ್ರದ್ದಲ್ಲ. ಗದಗದ ಕಡೆ ಗುಡ್ಡದ ಮೇಲೆ ಇರುವಂಥದೇ ಬಿಳಿ ಕಂಬ, ಮೂರು ರೆಕ್ಕೆ. ಅದನ್ನು ನೋಡಲು ಪಾಸ್‌ಪೋರ್ಟ್ ಬೇಕಾಗಿರಲಿಲ್ಲ. ಈ ಪ್ರವಾಸದಲ್ಲಿ ನಾನು ಸರಿಯಾಗಿ ನೋಡಿದ್ದು ಒಂದು ಆಸ್ಪತ್ರೆ, ಅದರಲ್ಲಿ ಒಂದು ಕೋಣೆ, ಆ ಕೋಣೆಯಲ್ಲಿ ಕುಬಿಹಾಳದ ಫಕೀರವ್ವನ ಮೂಗು. ಓದುಗರು ಕ್ಷಮಿಸಬೇಕು.

ಆ ಮೂಗಿನ ಪರಿಚಯ ಮೊದಲು ಆಗಲಿ. ಗುಡಗೇರಿಯ ಸಂತೆಗೆ ಬರುವ ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿ, ನಾಲ್ಕು ಕಾಯಿ ಮುರಿದು, ಕಣ್ಣು ಮುಚ್ಚಿ ಒಂದು ಸಲ ಮೂಸಿದರೆ ಫಕೀರವ್ವ ಆ ಚೀಲದ ಚರಿತ್ರೆ ಹೇಳುತ್ತಾಳೆ. ಇದು ಹೋದ ವರ್ಷದ್ದು, ತಂಪು ಕೋಣೆಯಲ್ಲಿಟ್ಟು ತೆಗೆದದ್ದು. ಇದಕ್ಕೆ ಎಣ್ಣೆ ಸವರಿದ್ದಾರೆ. ಇದು ಮೇಲೆ ಒಣಗಿದೆ, ಒಳಗೆ ಹಸಿ ಇದೆ, ಎಂಟು ದಿನದಲ್ಲಿ ಮುಗ್ಗುತ್ತದೆ. ವಾದ ಮಾಡುವುದಿಲ್ಲ. ಹೇಳಿ ಮುಂದಿನ ಚೀಲಕ್ಕೆ ಹೋಗುತ್ತಾಳೆ. ದಲಾಲರು ಸಹ ಆಕೆಯ ಮುಖ ನೋಡಿಯೇ ದರದ ಮಾತು ಎತ್ತುತ್ತಾರೆ. ಓದಿದ್ದು ಎರಡನೆಯ ಇಯತ್ತೆ. ವಯಸ್ಸು ಐವತ್ತೆಂಟೋ ಅರವತ್ತೋ, ಆಧಾರ್ ಕಾರ್ಡಿಗೂ ಆಕೆಗೂ ಅದರ ಬಗ್ಗೆ ಭಿನ್ನಾಭಿಪ್ರಾಯವಿದೆ.

ನಮ್ಮ ಕುಂದಗೋಳ ತಾಲೂಕಿನ ಮೆಣಸಿನಕಾಯಿ ಬೆಳೆಯುವ ಹೆಣ್ಣುಮಕ್ಕಳ ಸಂಘಕ್ಕೆ ರಾಟರ್‌ಡ್ಯಾಮ್ ಊರಿನ ಮಸಾಲೆ ಪದಾರ್ಥಗಳ ಪ್ರದರ್ಶನದಲ್ಲಿ ಒಂದು ಟೇಬಲ್ ಸಿಕ್ಕಿತ್ತು. ಸಂಘದ ವ್ಯವಹಾರ ನೋಡಿಕೊಳ್ಳುವ ದಾವಲಸಾಬರು ಗುಡಗೇರಿಯ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿದು, ಬಂದ ಕೆಲಸ ಹೇಳಿದರು.

“ಮೂಗು ಫಕೀರವ್ವಂದು, ಚೀಲ ಹೊರೂದು ನಂದು. ಬಾಯಿ ಬೇಕಲ್ರಿ ಅಕ್ಕೋರ. ನೀವು ಬರಬೇಕು.”

“ನನಗ ಎಪ್ಪತ್ತೊಂದು, ದಾವಲಸಾಬ.”

“ಬಾಯಿಗೆ ಎಷ್ಟು ವಯಸ್ಸು ಆಗೇತಿ ಹೇಳ್ರಿ. ಅದು ಇನ್ನೂ ಅಗದಿ ಜೋರ್ ಐತಿ.”

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಐರಿಶ್ ಸಿಸ್ಟರ್‌ಗಳ ಕೈಯಲ್ಲಿ ಕಲಿತ ಇಂಗ್ಲಿಷು ನನ್ನದು. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಅದನ್ನೇ ಕಲಿಸಿದೆ. ಪಾಠದಲ್ಲಿ ಲ್ಯಾವೆಂಡರ್ ಬಂದಾಗ ಹುಡುಗಿಯರು ಏನದು ಎಂದು ಕೇಳಿದರೆ ‘ಎ ಫ್ರೇಗ್ರಂಟ್ ಪರ್ಪಲ್ ಫ್ಲವರ್’ ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಮೂವತ್ತಮೂರು ವರ್ಷ ಮೂಸದ ಹೂವಿನ ಮೇಲೆ ಹುಡುಗಿಯರಿಗೆ ಮಾರ್ಕ್ಸು ಕೊಟ್ಟಿದ್ದೇನೆ. ಒಂದು ಸಲವಾದರೂ ಆ ದೇಶಗಳ ಗಾಳಿ ಕುಡಿಯಬೇಕೆಂಬ ಆಸೆ ಇತ್ತು. ಇಂಗ್ಲೆಂಡ್ ಆಗಿದ್ದರೆ ಹೆಚ್ಚು ಚೆನ್ನಾಗಿರುತ್ತಿತ್ತು. ಆದರೆ ನಕಾಶೆಯಲ್ಲಿ ನೋಡಿದರೆ ನಡುವೆ ಇದ್ದದ್ದು ಒಂದು ಬೆರಳಗಲದ ಸಮುದ್ರ. ಎಪ್ಪತ್ತೊಂದಕ್ಕೆ ಬೆರಳಗಲದ ತಕರಾರು ಯಾಕೆ ಎಂದು ಒಪ್ಪಿಕೊಂಡೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಫಕೀರವ್ವನ ಕೈಚೀಲದಿಂದ ಕೆಂಪು ರಂಜಕದ ಭರಣಿ ಹೊರಬಂತು. ಪಹರೆಯವನು ಇದು ಲಿಕ್ವಿಡ್ ಎಂದ. ಇದು ಚಟ್ನಿ, ಗಟ್ಟಿ ಐತಿ ಎಂದಳು ಫಕೀರವ್ವ. ಆತ ಭರಣಿ ಓರೆ ಮಾಡಿದ. ರಂಜಕ ಅಲುಗಲಿಲ್ಲ. ಆಕೆಯ ಮುಖದಲ್ಲಿ ಗೆಲುವು ಮೂಡುವಷ್ಟರಲ್ಲಿ ಮೇಲಿನ ಎಣ್ಣೆ ನಿಧಾನವಾಗಿ ಒಂದು ಕಡೆಗೆ ಸರಿಯಿತು.

“ಎಣ್ಣೆ ಹರೀತಾ ಇದೆ ನೋಡಮ್ಮ,” ಎಂದ ಆತ.

“ಎಣ್ಣಿ ಇಲ್ಲದ ರಂಜಕ ನಿಮ್ಮ ಕಡೆ ಮಾಡ್ತಾರೇನಪಾ?”

ಭರಣಿ ಅಲ್ಲೇ ಉಳಿಯಿತು. ವಿಮಾನ ಏರಿದ ಮೇಲೂ ಆಕೆ ಅನ್ನುತ್ತಲೇ ಇದ್ದಳು, ಆತ ಮುಚ್ಚಳ ತೆಗೆದಾಗ ಕಣ್ಣಲ್ಲಿ ನೀರು ಬಂದದ್ದನ್ನು ತಾನು ನೋಡಿದೆನೆಂದು.

ರಾಟರ್‌ಡ್ಯಾಮ್, ಎರಡನೆಯ ದಿನ

ಹಾಲೆಂಡ್ ಎಂದರೆ ನೀರು ತುಂಬಿದ ನವಲಗುಂದ. ಅಷ್ಟೇ ಸಪಾಟು, ಅಷ್ಟೇ ಗಾಳಿ, ಅಷ್ಟೇ ದೊಡ್ಡ ಆಕಾಶ. ಮಂದಿಯೂ ನಮ್ಮವರಂತೆಯೇ, ಮಾತಿಗೆ ಸಕ್ಕರೆ ಹಾಕುವುದಿಲ್ಲ. ಒಬ್ಬ ವ್ಯಾಪಾರಿ ನಮ್ಮ ಮೆಣಸಿನಕಾಯಿ ಮುರಿದು ನೋಡಿ, “ಟೂ ಮೆನಿ ಸೀಡ್ಸ್,” ಎಂದು ಕೈ ಝಾಡಿಸಿದ. ಕಾನ್ವೆಂಟಿನವಳಾದ ನನಗೆ ಸಿಟ್ಟು ಬಂತು. ಒಂದು ‘ಪರ್ಹ್ಯಾಪ್ಸ್’ ಹಚ್ಚಿ ಹೇಳಬಾರದೇ? ಫಕೀರವ್ವ ಮಾತ್ರ, “ಬೀಜ ಜಾಸ್ತಿ ಅಂದನಲ್ಲ? ಖರೇ ಐತಿ. ಇವಗ ತಿಳೀತೈತಿ,” ಎಂದು ಆತನನ್ನು ಮೆಚ್ಚಿಕೊಂಡಳು.

ಎರಡನೆಯ ದಿನ ಮಧ್ಯಾಹ್ನದ ಮುಂಚೆ, ಮುರಿದ ಕಾಯಿ ಮೂಗಿನ ಹತ್ತಿರ ಹಿಡಿದಿದ್ದವಳು ಹಾಗೇ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು. ದಾವಲಸಾಬರು ನಮ್ಮ ಕಡೆ ಯಾರಾದರೂ ಮಾಡುವುದನ್ನೇ ಮಾಡಿದರು. ಕಾಲಿನಿಂದ ಬೂಟು ಕಿತ್ತು ಆಕೆಯ ಮೂಗಿಗೆ ಹಿಡಿದರು. ಪ್ರದರ್ಶನದವರು ಓಡಿ ಬಂದು, ಬಿದ್ದ ಹೆಂಗಸಿನ ಮುಖಕ್ಕೆ ಬೂಟು ಹಿಡಿದ ಗಡ್ಡದ ಮನುಷ್ಯನನ್ನು ಕಂಡು ಬೇರೆ ಏನೋ ತಿಳಿದರು. ನಾನು ನಡುವೆ ನಿಂತು, “ಇಟ್ ಈಸ್ ಫಸ್ಟ್ ಏಡ್, ಇಟ್ ಈಸ್ ಅವರ್ ಫಸ್ಟ್ ಏಡ್,” ಎಂದು ಎರಡು ಸಲ ಹೇಳಬೇಕಾಯಿತು. ಆಕೆಗೆ ಎಚ್ಚರವಾದದ್ದು ಆಂಬ್ಯುಲೆನ್ಸಿನಲ್ಲಿ. ದಾವಲಸಾಬರು ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಕಾಲುಚೀಲ ಹಾಕಿಕೊಂಡು ಎದುರಿಗೆ ಕುಳಿತಿದ್ದರು.

“ಹೊಸಾ ಬೂಟು, ಅಕ್ಕೋರ,” ಎಂದರು ತಪ್ಪು ಮಾಡಿದವರಂತೆ. “ಇನ್ನೂ ಕಾಲಿನ ವಾಸನಿ ಹತ್ತಿಲ್ಲ. ಹಳೇದು ಹಾಕ್ಕೊಂಡು ಬಂದಿದ್ರ ಅಲ್ಲೇ ಎದ್ದು ಕುಂದರ್ತಿದ್ಳು.”

ನಾಲ್ಕನೆಯ ಮಹಡಿ

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಮಿದುಳಿನೊಳಗಲ್ಲ, ಮಿದುಳಿನ ಕೆಳಗೆ, ತಲೆಬುರುಡೆಯ ತಳದಲ್ಲಿ, ಎರಡು ಕಣ್ಣುಗಳ ನಡುವೆ. ನಿಂಬೆಹಣ್ಣಿನಷ್ಟು. ಆಪರೇಶನ್ ಮಾಡುವ ಡಾಕ್ಟರು ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರ. ಕಾಟಿನ ಪಕ್ಕ ಮೊಣಕಾಲೂರಿ ಕುಳಿತು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಆ ಚಿತ್ರವನ್ನು ನಾನು ಕನ್ನಡಕ್ಕೆ ತಂದದ್ದು ಹೀಗೆ:

“ನೋಡು ಫಕೀರವ್ವ, ಮಿದುಳಿನ ನೆಲ ಅಂದ್ರ ಮೂಗಿನ ಮಾಳಗಿ ಇದ್ದಂಗ. ಆ ಮಾಳಗಿ ಎಲುಬು ತೆಳ್ಳಗ, ಜರಡಿ ಹಂಗ ತೂತು ತೂತು ಇರ್ತದ. ಆ ತೂತಿನಾಗಿಂದ ಸಣ್ಣ ಸಣ್ಣ ನರ ಮೂಗಿನೊಳಗ ಇಳೀತಾವ. ಜರಡಿ ಮ್ಯಾಲೆ ಗಡ್ಡಿ ಕುಂತದ.”

“ಎಷ್ಟ್ ದಿನದಿಂದ ಕುಂತೈತಂತ?”

“ಭಾಳ ವರ್ಷ ಆಗಿರಬಹುದಂತ. ಸಾವಕಾಶ ಬೆಳ್ಯೂ ಜಾತಿ. ಬಹುತೇಕ ಕೆಟ್ಟ ಗಡ್ಡಿ ಅಲ್ಲ ಅಂತಾರ.”

“ಕೆಟ್ಟದ್ದಲ್ಲಂದ್ರ ಅಲ್ಲ್ಯಾಕ ಕುಂತೈತಿ?”

ಈ ಪ್ರಶ್ನೆಯನ್ನು ನಾನು ಡಾಕ್ಟರಿಗೆ ದಾಟಿಸಿದೆ. ಅವರು ಸ್ವಲ್ಪ ಹೊತ್ತು ವಿಚಾರ ಮಾಡಿ, ತಮಗೂ ಗೊತ್ತಿಲ್ಲ ಎಂದರು. ಊರಿಗೆ ಹೋಗಿ ಆಪರೇಶನ್ ಮಾಡಿಸಬಹುದೇ ಎಂದು ಕೇಳಿದೆ. ಎಡಗಣ್ಣಿನ ನರ ಒತ್ತಿಕೊಂಡಿದೆ, ದೃಷ್ಟಿ ಈಗಾಗಲೇ ಮಸುಕಾಗಿದೆ, ಸುತ್ತ ಬಾವು ಬಂದಿದೆ, ಈ ಸ್ಥಿತಿಯಲ್ಲಿ ವಿಮಾನ ಬೇಡ ಎಂದರು. ವೀಸಾದವರು ಹಟ ಹಿಡಿದು ಮಾಡಿಸಿದ್ದ ವಿಮೆ ಹೀಗೆ ಕೆಲಸಕ್ಕೆ ಬಂತು. ಅದಕ್ಕೆ ಸಹಿ ಹಾಕುವಾಗ ನಾವು ಮೂವರೂ ಗೊಣಗಿದ್ದೆವು.

ಅಲ್ಲಿಯ ಆಸ್ಪತ್ರೆಯಲ್ಲಿ ಬೆಳಗಿನ ತಿಂಡಿಗೆ ತಣ್ಣಗಿನ ಬ್ರೆಡ್ಡು, ಅದರ ಮೇಲೆ ಸಾಸಿವೆಯಂತೆ ಉದುರಿಸಿಕೊಳ್ಳುವ ಚಾಕೊಲೇಟ್ ಕಾಳು. ಮಕ್ಕಳಿಗಲ್ಲ, ಎಂಬತ್ತರ ಮುದುಕಿಯರಿಗೆ. ಪಕ್ಕದ ಕಾಟಿನಲ್ಲಿದ್ದ ಕೋರಿ ಎಂಬ ಅಜ್ಜಿ ಅದನ್ನು ತಿಂದು ಮುಗಿಸಿ ನನ್ನ ಕೈಯಲ್ಲಿ ಒಂದು ಕರಿ ಗುಳಿಗೆ ಇಟ್ಟಳು. ಜ್ಯೇಷ್ಠಮಧುವಿಗೆ ಉಪ್ಪು, ಅದರ ಜೊತೆಗೆ ಇನ್ನೂ ಏನೋ ಹಾಕಿ ಮಾಡಿದ ಮಿಠಾಯಿ. ಬಾಯಿಗೆ ಹಾಕಿಕೊಂಡೆ. ಬ್ಯಾಟರಿ ನೆಕ್ಕಿದಂತಾಯಿತು. “ವೆರಿ ನೈಸ್,” ಎಂದೆ. ಅಜ್ಜಿ ಸಂತೋಷಪಟ್ಟು ಇನ್ನೂ ಹತ್ತು ಕೊಟ್ಟಳು. ಎರಡನೆಯದನ್ನು ಸೆರಗಿನಲ್ಲಿ ಉಗುಳುವಾಗ ಸಿಕ್ಕಿಬಿದ್ದೆ.

“ನಿನಗೆ ಸೇರಿಲ್ಲ,” ಎಂದಳು ಕೋರಿ, ಸಿಟ್ಟಿಲ್ಲದೆ. “ಮತ್ತೆ ಚೆನ್ನಾಗಿದೆ ಅಂತ ಯಾಕೆ ಹೇಳಿದೆ?”

ಕೊಟ್ಟವರಿಗೆ ಚೆನ್ನಾಗಿಲ್ಲ ಎಂದು ಹೇಳುವುದನ್ನು ಕಾನ್ವೆಂಟಿನಲ್ಲೂ ಕಲಿಸಿಲ್ಲ, ಗುಡಗೇರಿಯಲ್ಲೂ ಕಲಿಸಿಲ್ಲ. ಆ ನಾಡಿನಲ್ಲಿ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ನಡುವೆ ನಮ್ಮಂಥವರು ನಿಲ್ಲಲು ಜಾಗವೇ ಇಲ್ಲ. ಈ ಪಾಠ ಅವತ್ತೇ ತಲೆಗೆ ಹೋಗಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಹದಿನಾರು ಪೆನ್ನು

ಮರುದಿನ ಮಾರ್ಲೆಸ್ ಎಂಬ ನರ್ಸು ಒಂದು ಪೆಟ್ಟಿಗೆ ತಂದಳು. ತೆರೆದರೆ ಒಳಗೆ ಸ್ಕೆಚ್ ಪೆನ್ನಿನಂಥ ಹದಿನಾರು ಪೆನ್ನುಗಳು. ಬರೆಯಲಿಕ್ಕಲ್ಲ, ಮೂಸಲಿಕ್ಕೆ. ಒಂದೊಂದಕ್ಕೆ ಒಂದೊಂದು ಪರಿಮಳ. ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿಯುತ್ತಾರೆ, ಕಾರ್ಡಿನ ಮೇಲೆ ನಾಲ್ಕು ಹೆಸರು ಬರೆದಿರುತ್ತದೆ, ಯಾವುದೆಂದು ಹೇಳಬೇಕು. ಸಂತೆಯ ಮೂಗಿಗೆ ಸ್ಕೂಲಿನ ಪರೀಕ್ಷೆ. ನನಗೆ ಒಳಗೊಳಗೇ ನಗು ಬಂತು.

“ಡಸ್ ಶೀ ಸ್ಮೆಲ್ ಎನಿಥಿಂಗ್?” ಎಂದು ಕೇಳಿದಳು ಮಾರ್ಲೆಸ್.

ನಾನು ಫಕೀರವ್ವನ ಕಡೆ ತಿರುಗಿದೆ. “ವಾಸನಿ ಬರ್ತದೇನು?”

ಫಕೀರವ್ವ ಮೂಸಿದಳು. ಮಾರ್ಲೆಸ್‌ಳ ಮುಖ ನೋಡಿ ನಕ್ಕಳು. “ಇಲ್ರಿ.”

ಎರಡನೆಯದು. “ವಾಸನಿ?” “ಇಲ್ರಿ, ಏನೂ ಇಲ್ಲ.” ಮೂರನೆಯದು, ನಾಲ್ಕನೆಯದು. ಇಲ್ರಿ. ಒಂಬತ್ತನೆಯದಕ್ಕೆ ಆಕೆಯ ಹುಬ್ಬು ಒಂದಿಷ್ಟು ಗಂಟಾಯಿತು. ಆದರೂ, “ಇಲ್ಲ ಅಂತ ಹೇಳ್ರಿ ಆಕಿಗೆ. ಪಾಪ, ಚೊಲೋ ಹುಡುಗಿ,” ಎಂದಳು. ನಾನು ‘ನೋ’ ಎಂದಷ್ಟೇ ಹೇಳಿದೆ. ಚೊಲೋ ಹುಡುಗಿ ಎಂಬ ಮಾತು ಪರೀಕ್ಷೆಗೆ ಸಂಬಂಧವಿಲ್ಲದ್ದೆಂದು ಬಿಟ್ಟೆ.

ಮೂಸಲು ಆಗದಿದ್ದರೂ ನಾಲ್ಕರಲ್ಲಿ ಒಂದನ್ನು ಊಹಿಸಿ ಹೇಳಲಿ, ನಿಯಮವೇ ಹಾಗೆ ಎಂದಳು ಮಾರ್ಲೆಸ್. ಬೇಡ ಎಂದವಳು ನಾನು. ಕಾರ್ಡಿನ ಹೆಸರುಗಳಲ್ಲಿ ಅರ್ಧ ಈ ಹೆಣ್ಣುಮಗಳು ಕೇಳಿಲ್ಲ, ಸುಮ್ಮನೆ ಆಕೆಯನ್ನು ಯಾಕೆ ದಣಿಸುತ್ತೀರಿ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ವಿವರಿಸಿದೆ. ನನ್ನ ಇಂಗ್ಲಿಷು ಎಷ್ಟು ಒಳ್ಳೆಯದಿತ್ತೆಂದರೆ ಮಾರ್ಲೆಸ್ ನಂಬಿದಳು. ಹದಿನಾರಕ್ಕೆ ಸೊನ್ನೆ ಎಂದು ಬರೆದುಕೊಂಡು ಹೋದಳು.

ಸಂಜೆ ಎತ್ತರದ ಡಾಕ್ಟರು ಬಂದರು. ಗಡ್ಡೆಗೆ ಎರಡು ದಾರಿ ಇವೆ ಎಂದರು. ಒಂದು, ಹುಬ್ಬಿನ ಮೇಲೆ ಸಣ್ಣ ಕಿಟಕಿ ಕೊಯ್ದು ಮೇಲಿಂದ ಇಳಿಯುವುದು. ಇನ್ನೊಂದು, ಮೂಗಿನೊಳಗಿಂದ ದುರ್ಬೀನು ತೂರಿಸಿ ಕೆಳಗಿನಿಂದ ಏರುವುದು. ಮೂಗಿನ ದಾರಿಯಲ್ಲಿ ಗಡ್ಡೆಯ ಬೇರಿಗೇ ಮೊದಲು ಕೈ ಹಚ್ಚಬಹುದು, ಮಿದುಳನ್ನು ಮುಟ್ಟುವುದು ಕಡಿಮೆ. ಆದರೆ ಆ ಜರಡಿ ಎಲುಬನ್ನೇ ತೆಗೆಯಬೇಕು, ನರಗಳೂ ಅದರ ಜೊತೆಗೇ ಹೋಗುತ್ತವೆ. “ಆಕೆಗೆ ಪರಿಮಳವೇ ತಿಳಿಯುವುದಿಲ್ಲವಾದ್ದರಿಂದ ಹೊಸದಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ಮೂಗಿನಿಂದಲೇ ಹೋಗೋಣ,” ಎಂದರು.

ನಾನು ಇದರಲ್ಲಿ ಕೊನೆಯ ತುಂಡು ಮಾತ್ರ ಅನುವಾದಿಸಿದೆ. ಹೆದರಿದವರಿಗೆ ಉದ್ದ ಹೇಳಬಾರದೆಂಬ ಸದುದ್ದೇಶ. “ಮೂಗಿನ್ಯಾಗಿಂದ ತಗೀತಾರಂತ. ನಿಂದೇನೂ ಹೋಗೂದಿಲ್ಲಂತ.”

ಫಕೀರವ್ವ ಕೈ ಮುಗಿದಳು. ಡಾಕ್ಟರು ತಾವೂ ಕೈ ಮುಗಿದು, ಬಾಗಿಲಿಗೆ ತಲೆ ತಗ್ಗಿಸಿ ಹೋದರು.

ಮರುದಿನ, ಚಹಾದ ಹೊತ್ತು

ಮೂರು ಗಂಟೆಗೆ ಗಾಡಿಯ ಮೇಲೆ ಚಹಾ ಬರುತ್ತದೆ. ಬಿಸಿನೀರು, ದಾರ ಕಟ್ಟಿದ ಪುಡಿಚೀಲ, ಒಂದೇ ಒಂದು ಬಿಸ್ಕೀಟು. ಬಿಸ್ಕೀಟು ಕೊಟ್ಟ ಕೂಡಲೇ ಡಬ್ಬಿಯ ಮುಚ್ಚಳ ಹಾಕುತ್ತಾರೆ. ನೋಡಲು ಬಂದಿದ್ದ ದಾವಲಸಾಬರು, “ನಮ್ಮ ಮನ್ಯಾಗ ಹಿಂಗ ಮಾಡಿದ್ರ ಬೀಗರು ತಿರುಗಿ ಬರೂದಿಲ್ಲ,” ಎಂದು ಮುಚ್ಚಳವನ್ನೇ ನೋಡುತ್ತಿದ್ದರು. ಫಕೀರವ್ವ ಲೋಟ ಮುಖದ ಹತ್ತಿರ ತಂದು ನಿಲ್ಲಿಸಿದಳು.

“ಇದ್ರಾಗ ಕಿತ್ತಳಿ ಸಿಪ್ಪಿ ಹಾಕ್ಯಾರ. ಚಾದಾಗ ಯಾರರೆ ಕಿತ್ತಳಿ ಹಾಕ್ತಾರೇನ್ರಿ? ನಿನ್ನಿ ಆ ಹುಡುಗಿ ಪೆನ್ನಿನ್ಯಾಗೂ ಇತ್ತು, ಎರಡನೇದ್ರಾಗ.”

ನನ್ನ ಲೋಟ ಕೈಯಲ್ಲೇ ಉಳಿಯಿತು.

“ಏನ್ ಇತ್ತು?”

“ಕಿತ್ತಳಿ. ಮುಂದಿಂದ್ರಾಗ ಲವಂಗ ಇತ್ತು. ಹಳೇ ಲವಂಗ, ಎಣ್ಣಿ ತಗದಿದ್ದು. ಆಮ್ಯಾಲೆ ಬಡೇಸೋಪು. ಬೆಳ್ಳೊಳ್ಳಿನೂ ಇತ್ತು.”

“ಫಕೀರವ್ವ, ನಾ ನಿನ್ನಿ ಕೇಳಿದಾಗ ಎಲ್ಲಾದಕ್ಕೂ ಇಲ್ಲ ಅಂದಿ.”

“ನೀವು ಏನಂತ ಕೇಳಿದ್ರಿ? ವಾಸನಿ ಬರ್ತದೇನು ಅಂತ ಕೇಳಿದ್ರಿ. ವಾಸನಿ ಎಲ್ಲಿತ್ತು? ಘಮ ಇತ್ತು.”

ದಾವಲಸಾಬರು ನನ್ನ ಮುಖ ನೋಡಿದರು. ನಾನು ಬಿಸ್ಕೀಟು ನೋಡಿದೆ.

“ಒಂದ್ರಾಗ ಮಾತ್ರ ವಾಸನಿ ಇತ್ತು, ಖರೇ,” ಎಂದು ಆಕೆ ಮುಂದುವರಿಸಿದಳು. “ಒಂಬತ್ತನೇದು. ಮೀನ. ಆದ್ರ ಮಂದಿ ಊರಿಗೆ ಬಂದು, ಪಾಪ ಆ ಹುಡುಗಿ ನಿಂತು ಒಂದೊಂದ ಪೆನ್ನು ತೋರ್ಸಾಕ್ಹತ್ಯಾಳ, ನಿಂದು ವಾಸನಿ ಬರ್ತೈತಿ ಅಂತ ಹೆಂಗ ಹೇಳ್ಲಿ?”

ಕಾನ್ವೆಂಟಿನ ಸಿಸ್ಟರ್ ಒಬ್ಬರು ನೆನಪಾದರು. ಆರನೆಯ ಇಯತ್ತೆಯಲ್ಲಿ ‘ದ ಸೂಪ್ ಸ್ಮೆಲ್ಸ್’ ಎಂದು ಬರೆದಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಸ್ಮೆಲ್ ಎಂಬ ಕ್ರಿಯಾಪದ ಹುಷಾರಿನದು, ಮುಂದೆ ವಿಶೇಷಣ ಹಚ್ಚದೆ ಬಿಟ್ಟರೆ ಸೂಪು ನಾರುತ್ತದೆ ಎಂದೇ ಅರ್ಥ. ನೀನು ಮೂಸಿದರೂ ಸ್ಮೆಲ್, ನೀನೇ ನಾರಿದರೂ ಸ್ಮೆಲ್ ಎಂದಿದ್ದರು. ಇದನ್ನೇ ನಾನು ಅಣ್ಣಿಗೇರಿಯಲ್ಲಿ ಮೂವತ್ತಮೂರು ವರ್ಷ ಹೇಳಿದೆ. ನಮ್ಮ ಮನೆಯ ಮಾತಿನಲ್ಲೂ ವಾಸನಿ ಬರ್ತದ ಎಂದರೆ ನಾರುತ್ತದೆ ಎಂದೇ ಅರ್ಥವೆಂಬುದು ಮಾತ್ರ ನೆನಪಾಗಲಿಲ್ಲ. ಇಂಗ್ಲಿಷಿನ ಮೇಲೆ ಅಷ್ಟು ಗಮನ ಇಟ್ಟವಳು ಕನ್ನಡದಲ್ಲಿ ಫೇಲಾಗಿದ್ದೆ.

“ಅಕ್ಕೋರ,” ಎಂದಳು ಫಕೀರವ್ವ, ದನಿ ತಗ್ಗಿಸಿ. “ನಂದೂ ಒಂದು ಐತಿ. ಎಡಗಡೆ ಮೂಗಿಗೆ ಎರಡು ವರ್ಷ ಆತು, ಏನೂ ತಿಳ್ಯಾಂಗಿಲ್ಲ. ಬಲಗಡೆ ಹಿಡದು ಮೂಸ್ತೀನಿ. ಸಂತ್ಯಾಗ ಗೊತ್ತಾದ್ರ ನನ್ನ ಮಾತು ಯಾರು ಕೇಳ್ತಾರ ಅಂತ ಹೇಳಿಲ್ಲ.”

ಹೀಗೆ ಆ ಕೋಣೆಯಲ್ಲಿ ಇಬ್ಬರು ಸುಳ್ಳುಗಾರ್ತಿಯರು. ಒಬ್ಬಳು ಹುಷಾರಿಯಿಂದ, ಒಬ್ಬಳು ಸದುದ್ದೇಶದಿಂದ. ಹೆಚ್ಚು ಹಾನಿ ಮಾಡಿದ್ದು ಯಾವುದು ಎಂದು ಬರೆಯಬೇಕಾಗಿಲ್ಲ. ನಿನ್ನೆ ನುಂಗಿದ್ದ ಮಾತನ್ನು ಈಗ ಹೇಳಲೇಬೇಕಾಯಿತು.

“ಮೂಗಿನ್ಯಾಗಿಂದ ಹೋದ್ರ ಆ ಜರಡಿ ತಗೀತಾರ. ಘಮ ಹೋಗ್ತದ. ಬಲಗಡೇದೂ. ಕಾಯಂ.”

ಆಕೆ ಲೋಟ ಕೆಳಗಿಟ್ಟಳು. ಕಿಟಕಿಯ ಕಡೆ, ಆ ಬಿಳಿ ಕಂಬದ ಕಡೆ ತಿರುಗಿದಳು.

“ಹಂಗಾರ ನಾ ಊರಿಗೆ ಹೋಗಿ ಏನ್ ಮಾಡ್ಲಿ,” ಎಂದಳು. ನನ್ನನ್ನು ಕೇಳಿದ್ದಲ್ಲ.

ಎರಡನೆಯ ಪರೀಕ್ಷೆ

ನರ್ಸುಗಳ ಮೇಜಿನವರೆಗೆ ಇಪ್ಪತ್ತು ಹೆಜ್ಜೆ ಇದ್ದಾವು. ಆ ಪ್ರವಾಸದಲ್ಲಿ ನಾನು ನಡೆದ ಅತಿ ದೂರದ ದಾರಿ ಅದು. ಮಾರ್ಲೆಸ್‌ಗೆ ಹೇಳಿದೆ: ಪರೀಕ್ಷೆಯಲ್ಲಿ ಫೇಲಾದವಳು ಆಕೆಯಲ್ಲ, ನಾನು. ನಾನು ಕೇಳಿದ್ದು ಸ್ಮೆಲ್ ಬರುತ್ತದೆಯೇ ಎಂದಲ್ಲ, ಸ್ಟಿಂಕ್ ಬರುತ್ತದೆಯೇ ಎಂದು. ಆಕೆ ಮರ್ಯಾದಸ್ಥಳು, ಇಲ್ಲ ಎಂದಳು. ಊಹೆ ಮಾಡಿಸುವುದನ್ನೂ ತಪ್ಪಿಸಿದವಳು ನಾನೇ.

ಬೈಯಬಹುದು ಅಂದುಕೊಂಡೆ. ಮಾರ್ಲೆಸ್, “ಇವತ್ತು ಹೇಳಿದ್ದು ಒಳ್ಳೆಯದಾಯಿತು. ನಾಡಿದ್ದು, ಆಪರೇಶನ್ ಆದ ಮೇಲೆ ಹೇಳಿದ್ದರೆ ಒಳ್ಳೆಯದಾಗುತ್ತಿರಲಿಲ್ಲ,” ಎಂದಳು. ಅಷ್ಟೇ. ಪೆಟ್ಟಿಗೆ ತೆಗೆದುಕೊಂಡು ನನ್ನ ಜೊತೆ ಬಂದಳು. ಒಂದು ‘ಪರ್ಹ್ಯಾಪ್ಸ್’ ಇಲ್ಲದ ಈ ಮಾತು ಮೊದಲ ಸಲ ನನಗೆ ಸಿಹಿ ಅನಿಸಿತು.

ಈ ಸಲ ಒಂದೊಂದೇ ಹೊಳ್ಳೆ ಮುಚ್ಚಿಸಿ ನೋಡಿದರು. ಎಡಗಡೆ ಏನೂ ಇರಲಿಲ್ಲ. ಬಲಗಡೆ ಶುರುವಾಯಿತು.

“ಘಮ ಬರ್ತದೇನು?” ಎಂದು ಕೇಳಿದೆ.

“ಬರ್ತೈತ್ರಿ. ಇದು ಗುಲಾಬಿ. ದರ್ಗಾದ ಕಟ್ಟಿ ಹತ್ರ ಬರ್ತೈತಲ್ಲ, ಅದು.”

“ರೋಸ್,” ಎಂದೆ. ದರ್ಗಾದ ಕಟ್ಟೆಯನ್ನೂ ಸೇರಿಸಿ ಹೇಳಿದೆ. ಏನನ್ನೂ ಬಿಡಬಾರದೆಂದು ಆಣೆ ಮಾಡಿಕೊಂಡಿದ್ದೆ.

“ಇದು ಬಾಗಲಕ್ಕ ಹಚ್ಚೂ ಬಣ್ಣದ ಎಣ್ಣಿ.” ಟರ್ಪಂಟೈನ್. “ಇದು ಹಣ್ಣಲ್ಲ, ಹಣ್ಣಿನ ಸರಬತ್ತು. ಯಾವ ಹಣ್ಣು ತಿಳೀವಲ್ತು, ಬಣ್ಣ ಹಳದಿ ಇರ್ತೈತಿ ನೋಡ್ರಿ.” ಪೈನಾಪಲ್. ಮುಂದಿನದನ್ನು ಮೂಸಿ ಆಕೆ ಕಣ್ಣು ತೆರೆದು, ಗೋಡೆಗೆ ಒರಗಿ ನಿಂತಿದ್ದ ದಾವಲಸಾಬರ ಕಡೆ ತಿರುಗಿದಳು.

“ಇದು ಇವರ ಬೂಟು.”

ಇದನ್ನು 'ಹಿಸ್ ಶೂ' ಎಂದೇ ಅನುವಾದಿಸಿದೆ. ಮಾರ್ಲೆಸ್ ಕಾರ್ಡು ನೋಡಿದಳು. ಲೆದರ್ ಎಂದಿತ್ತು. ಆಕೆ ದಾವಲಸಾಬರ ಕಾಲು ನೋಡಿ, ಟಿಕ್ ಹಾಕಿದಳು.

“ಮೂರ್ಛಿ ಹ್ವಾದಾಗ ಹಿಡದಿದ್ದು ನೆನಪ ಐತಿ ಅಂದ್ರ ಕೆಲಸಾ ಮಾಡೇತಿ,” ಎಂದರು ದಾವಲಸಾಬರು. “ಹೇಳ್ರಿ ಅಕ್ಕೋರ ಇವರಿಗೆ, ನಮ್ಮ ಫಸ್ಟ್ ಏಡ್.”

ಮೀನಿನ ಪೆನ್ನು ಬಂದಾಗ ಫಕೀರವ್ವ ನನ್ನ ಮುಖ ನೋಡಿದಳು. ಹೇಳು ಎಂದೆ. “ಇದು ಮಾತ್ರ ವಾಸನಿ,” ಎಂದಳು, ಮಾರ್ಲೆಸ್‌ಗೆ ತಪ್ಪಾಯಿತು ಎಂಬಂತೆ ಕೈ ಮುಗಿದು.

ಬಲಗಡೆ ಹದಿನಾರರಲ್ಲಿ ಹದಿನಾಲ್ಕು. ತಪ್ಪಿದ ಎರಡರಲ್ಲಿ ಒಂದು ಕೋರಿ ಅಜ್ಜಿಯ ಪ್ರೀತಿಯ ಜ್ಯೇಷ್ಠಮಧು. ಅದನ್ನು ಫಕೀರವ್ವ ಕೆಮ್ಮಿನ ಔಷಧ ಎಂದಳು. ನನ್ನ ಮಟ್ಟಿಗೆ ಅದಕ್ಕೂ ಮಾರ್ಕ್ಸು ಕೊಡಬೇಕಿತ್ತು.

ಎತ್ತರದ ಡಾಕ್ಟರು ಬಂದು ಮತ್ತೆ ಮೊಣಕಾಲೂರಿದರು. ಹಾಗಾದರೆ ಹುಬ್ಬಿನ ದಾರಿ, ಎಂದರು. ಗಡ್ಡೆ ಎಡಕ್ಕೆ ವಾಲಿದೆ, ಬಲಗಡೆಯ ನರವನ್ನು ಮೇಲಿಂದ ಬಿಡಿಸಲು ನೋಡುತ್ತೇನೆ. ಹೆಚ್ಚು ಹೊತ್ತು ಬೇಕಾಗುತ್ತದೆ. ನರಕ್ಕೆ ಅಂಟಿದ ಚೂರನ್ನು ಬಿಡಬೇಕಾಗಬಹುದು, ಅದು ಮುಂದೆ ಬೆಳೆಯಲೂಬಹುದು, ವರ್ಷ ವರ್ಷ ಸ್ಕ್ಯಾನ್ ಮಾಡಿಸಬೇಕು. ಜೀವದ ಅಪಾಯ ಎರಡೂ ದಾರಿಯಲ್ಲಿ ಹೆಚ್ಚುಕಡಿಮೆ ಒಂದೇ, ಆದರೆ ಇಷ್ಟೆಲ್ಲ ಮಾಡಿಯೂ ನರ ಉಳಿಯುತ್ತದೆಂದು ಮಾತು ಕೊಡಲಾರೆ. ನಾನು ಪ್ರತಿ ವಾಕ್ಯವನ್ನೂ ಅದು ಇದ್ದಷ್ಟೇ ಉದ್ದಕ್ಕೆ, ಇದ್ದಷ್ಟೇ ಒರಟಾಗಿ ಹೇಳಿದೆ.

ದಾವಲಸಾಬರು ಕುಬಿಹಾಳಕ್ಕೆ ಫೋನು ಹಚ್ಚಿಕೊಟ್ಟರು. ಫಕೀರವ್ವನ ಗಂಡ ಚನಬಸಪ್ಪ ಹೊಲದಲ್ಲಿದ್ದ. ಗಾಳಿಯ ಸಪ್ಪಳದ ನಡುವೆ ಎಲ್ಲ ಕೇಳಿಸಿಕೊಂಡ.

“ಜೀವಕ್ಕ ಯಾವ್ದು ಚೊಲೋ ಅಂತಾರ?”

“ಎರಡೂ ಸಮ ಅಂತಾರ. ಮೂಗಿಂದು ಇವರಿಗೆ ಸ್ವಲ್ಪ ಸಲೀಸು,” ಎಂದಳು ಫಕೀರವ್ವ.

“ಅವರ ಸಲೀಸು ತಗೊಂಡು ನೀ ಏನ್ ಮಾಡ್ತಿ. ಮೂವತ್ತೆಂಟು ವರ್ಷ ನಾ ಬಾಗಲಾಗ ಕಾಲಿಡೂದ್ರಾಗ ಎಲ್ಲಿ ಕುಂತು ಬಂದಿ ಅಂತ ಮೂಸಿ ಹೇಳೀದಿ. ನಿನ್ನ ಮೂಗ ಹೋದ್ರ ನನಗ ಚೈನಿ ಆಗ್ತೈತಿ.” ಗಾಳಿಗೆ ಬೆನ್ನು ಮಾಡಿದನೇನೋ, ದನಿ ಹತ್ತಿರವಾಯಿತು. “ಬ್ಯಾಡ. ಉಳಸಾಕ ಹೇಳು.”

ಆಕೆ ಫೋನು ಇಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಹುಬ್ಬಿಗೇ ಕೊಯ್ಯಲಿ. ಗಡ್ಡಿ ಚೂರು ಉಳದ್ರ ಉಳೀಲಿ ಅಂತ ಹೇಳ್ರಿ. ಇಷ್ಟ್ ವರ್ಷ ಇತ್ತಲ್ಲ.”

ನೆಲಮಹಡಿಯ ಅಂಗಡಿ

ಮರುದಿನ ಬೆಳಿಗ್ಗೆ ಆಕೆಯನ್ನು ಆಪರೇಶನ್ನಿಗೆ ಒಯ್ದರು. ಮಧ್ಯಾಹ್ನವಾಯಿತು. ಮೂರರ ಚಹಾ ಬಂದು ಹೋಯಿತು. ದಾವಲಸಾಬರು ಒಂದು ಮೂಲೆಯಲ್ಲಿ ನಮಾಜು ಮಾಡಿ ಬಂದು ಕುಳಿತರು. ಕಾನ್ವೆಂಟಿನ ಹಳೆಯ ಪ್ರಾರ್ಥನೆಯೊಂದನ್ನು ನಾನು ಅರ್ಧ ಹೇಳಿ ಮರೆತೆ. ಕುಳಿತಲ್ಲಿ ಕುಳಿತಿರಲಾರದೆ ಕೆಳಗಿನ ಅಂಗಡಿಗೆ ಇಳಿದೆ. ಟ್ಯುಲಿಪ್ ಕಂಡದ್ದು ಆಗಲೇ. ಅದರ ಪಕ್ಕ ಕೈಗೆ ಹಚ್ಚಿಕೊಳ್ಳುವ ಕ್ರೀಮು, ನೇರಳೆ ಹೂವಿನ ಚಿತ್ರ, ಲ್ಯಾವೆಂಡರ್ ಎಂಬ ಅಕ್ಷರ. ಯಾರು ಬೇಕಾದರೂ ಹಚ್ಚಿ ನೋಡಲೆಂದು ಒಂದು ಟ್ಯೂಬು ತೆರೆದಿಟ್ಟಿದ್ದರು.

ಎಪ್ಪತ್ತೊಂದು ವರ್ಷದ ಮೇಲೆ ಹಚ್ಚಿಕೊಂಡೆ. ಮೂಸಿದೆ. ಟ್ರಂಕಿನಲ್ಲಿ ಸೀರೆಗಳ ನಡುವೆ ಇಡುವ ಡಾಂಬರು ಗುಳಿಗೆಗೂ ಇದಕ್ಕೂ ಎಲ್ಲೋ ದೂರದ ಸಂಬಂಧ ಇದ್ದೀತು ಅನಿಸಿತು. ನನ್ನದೇ ತಪ್ಪಿರಬೇಕೆಂದು ಇನ್ನಷ್ಟು ಹಚ್ಚಿಕೊಂಡೆ, ಮೊಣಕೈವರೆಗೆ, ಕುತ್ತಿಗೆಗೆ. ಬೋರ್ಡಿನ ಮೇಲೆ ಬರೆಯುತ್ತಿದ್ದ ಆ ‘ಫ್ರೇಗ್ರಂಟ್’ ಎಲ್ಲಾದರೂ ಸಿಗುತ್ತದೆಯೋ ಎಂದು. ಸಿಗದ್ದಕ್ಕೆ ಒಂದು ಟ್ಯೂಬು ಕೊಂಡೆ, ಮರುದಿನವೂ ಹಚ್ಚಿಕೊಂಡು ನೋಡಿದೆ.

ಮೇಲೆ ಹೋದಾಗ ಎತ್ತರದ ಡಾಕ್ಟರು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಆಕೆ ಚೆನ್ನಾಗಿದ್ದಾಳೆ, ಕಣ್ಣಿನ ನರ ಸಡಿಲಾಗಿದೆ, ಎಡಗಡೆಯ ನರ ಹೋಯಿತು, ಬಲಗಡೆಯದು ಕಣ್ಣಿಗೆ ಕಾಣುವ ಮಟ್ಟಿಗೆ ತುಂಡಾಗದೆ ಉಳಿದಿದೆ ಎಂದರು. ಕೆಲಸ ಮಾಡುತ್ತದೆಯೇ ಎಂದು ಕೇಳಿದೆ. “ಅದನ್ನು ನಾನು ಹೇಳಲಾರೆ. ಆಕೆಯೇ ಹೇಳಬೇಕು,” ಎಂದರು.

ಮತ್ತೆ ನಾಲ್ಕನೆಯ ಮಹಡಿ

ಒಂದು ದಿನ ಬೇರೆ ವಾರ್ಡಿನಲ್ಲಿಟ್ಟು ಮರುದಿನ ಮೇಲೆ ತಂದರು. ಎಡಹುಬ್ಬಿನ ಮೇಲೆ ಪಟ್ಟಿ, ಕಣ್ಣು ಬದನೆಕಾಯಿಯಂತೆ ಬಾತು ಮುಚ್ಚಿತ್ತು. ನಾನು ಬಗ್ಗಿ ಕುಳಿತೆ. ಯಾವ ಶಬ್ದದಿಂದ ಕೇಳಬೇಕೆಂದು ರಾತ್ರಿಯೆಲ್ಲ ವಿಚಾರ ಮಾಡಿದ್ದೆ. ಘಮ, ಪರಿಮಳ, ಕಂಪು, ಎಲ್ಲವನ್ನೂ ತೂಗಿ ನೋಡಿದ್ದೆ. ಈಗ ಒಂದೂ ಬಾಯಿಗೆ ಬರಲಿಲ್ಲ. ಕೇಳಿದ ಮೇಲೆ ಆಕೆ ಇಲ್ಲ ಎಂದುಬಿಟ್ಟರೆ?

ಮಾರ್ಲೆಸ್ ಕಾಟಿನ ಆ ಬದಿಗೆ ಫೈಲು ಹಿಡಿದು ನಿಂತಿದ್ದಳು. ಫಕೀರವ್ವ ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು. ಮುಖ ಬಲಕ್ಕೆ ಒಂದಿಷ್ಟು ತಿರುಗಿಸಿದಳು, ಸಂತೆಯಲ್ಲಿ ತಿರುಗಿಸುವಂತೆ. ಉಸಿರು ಎಳೆದುಕೊಂಡಳು. ಹುಬ್ಬಿಗೆ ಹೊಲಿಗೆ ಇದ್ದುದರಿಂದ ಗಂಟಿಕ್ಕಲು ಆಗಲಿಲ್ಲ, ಮೂಗು ಮಾತ್ರ ಮುದುಡಿತು.

“ಅಕ್ಕೋರ,” ಎಂದಳು, ಒಣಗಿದ ಗಂಟಲಲ್ಲಿ, “ಏನ್ ಬಡಕೊಂಡು ಬಂದೀರಿ? ಬಾಜೂಕ ಸರೀರಿ. ವಾಸನಿ ಬರಾಕ್ಹತ್ತೈತಿ.”

ನನ್ನ ಕಣ್ಣು ತುಂಬಿ ಬಂತು. ಮಾರ್ಲೆಸ್ ಗಾಬರಿಯಾಗಿ, ಆಕೆ ಏನೆಂದಳು ಎಂದು ಕೇಳಿದಳು.

ಮೂವತ್ತಮೂರು ವರ್ಷ ಹುಡುಗಿಯರ ವ್ಯಾಕರಣ ತಿದ್ದಿದವಳು ನಾನು. ವಿಶೇಷಣ ಹಚ್ಚಲಿಲ್ಲ, ನಯ ಮಾಡಲಿಲ್ಲ, ಒಂದಕ್ಷರ ಬಿಡಲಿಲ್ಲ.

“ಶೀ ಸೇಸ್ ಐ ಸ್ಮೆಲ್,” ಎಂದೆ. “ಪ್ಲೀಸ್ ರೈಟ್ ಇಟ್ ಡೌನ್.”